ಡಾಕ್ಟರಿಗೆ ಎಸ್ ಹಾಕುವುದು ಹೇಗೆ

ಸ್ಸ್ಸ್ ಎಂದು ಆವಿಯ ಯಂತ್ರ ಉಸಿರು ಬಿಟ್ಟಿತು. ಹಲ್ಲಿನ ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ಇಕ್ಕಳಗಳನ್ನು ತೊಳೆದು ಆವಿಗೆ ಹಾಕುವ ಆವಿಯಕ್ಕನಿಗೆ ಅದು ಕೆಲಸ ಮುಗಿದ ಸದ್ದು. ಈ ವಾರ ಮಾತ್ರ ಅದು ಕೇಳಿದರೆ ಎದೆ ಧಸಕ್ಕೆನ್ನುತ್ತಿತ್ತು. ಯಂತ್ರವೂ ಸಲೀಸಾಗಿ ಹೇಳುವ ಇಂಗ್ಲಿಷಿನ ಆ 'ಎಸ್' ಅವಳ ಬಾಯಿಂದ ಹೊರಡುತ್ತಿರಲಿಲ್ಲ.

ಮುಂದಿನ ತಿಂಗಳಿಂದ ಈ ಕೆಲಸ ಹೊರಗಿನವರ ಪಾಲು. ಆಸ್ಪತ್ರೆಯಲ್ಲಿ ಖಾಲಿ ಇರುವುದು ಮುಂಬಾಗಿಲ ಬಳಿ ಮೇಜಿನ ಮುಂದೆ ಕೂತು ಫೋನ್ ಎತ್ತುವ ಕೆಲಸ ಒಂದೇ. ಫೋನ್ ಮಾಡುವವರಲ್ಲಿ ಅರ್ಧ ಜನ ಇಂಗ್ಲಿಷಿನಲ್ಲೇ ಕೇಳುತ್ತಾರೆ. ಅದಕ್ಕೇ ಶುಕ್ರವಾರ ಪರೀಕ್ಷೆ. ಸೋತರೆ ಮನೆಯ ದಾರಿ.

ನಾದಿನಿ ಮನೆಪಾಠ ಹೇಳುವವಳು. ಬಟಾಣಿ ಸುಲಿಯುತ್ತ ಅವಳೇ ಅತ್ತಿಗೆಗೆ 'ಕಮ್' ಕಲಿಸಲು ಕೂತಳು. ಐ ಕಮ್, ಯೂ ಕಮ್, ದೇ ಕಮ್. ನಮ್ಮ ಮಾತಿನಲ್ಲಿ ಬರ್ತೀನಿ, ಬರ್ತೀಯ, ಬರ್ತಾರೆ ಎಂದು ಬಾಲ ಬದಲಾಗುತ್ತಲೇ ಇರುತ್ತದೆ. ಇಂಗ್ಲಿಷಿಗೆ ಇರುವುದು ಒಂದೇ ಬಾಲ, ಅದೂ ಅವನು, ಅವಳು ಎನ್ನುವ ಏಕವಚನಕ್ಕೆ, ಹೀ ಕಮ್ಸ್, ಎಂದಳು. ಆವಿಯಕ್ಕ ಬೆಕ್ಕಿಗೆ ಎಸ್ ಹಾಕಿದಳು, ತಮ್ಮನಿಗೂ ಹಾಕಿದಳು. ಡಾಕ್ಟರ ಸರದಿ ಬಂದಾಗ ನಾಲಿಗೆ ನಿಂತುಹೋಯಿತು.

"ಡಾಕ್ಟರ್ ಕಮ್."

"ಎಸ್ ಎಲ್ಲಿ ಅತ್ತಿಗೆ, ನುಂಗಿಬಿಟ್ರಾ?"

"ಅಷ್ಟು ದೊಡ್ಡವರನ್ನ ಡಾಕ್ಟರ್ ಬರ್ತಾನೆ ಅಂತ ಹೇಗೆ ಹೇಳ್ಲೇ?"

ನಾದಿನಿ ನಕ್ಕು ನಕ್ಕು ಸುಸ್ತಾದಳು. ಇಂಗ್ಲಿಷಿನಲ್ಲಿ ರಾಜನಿಗೂ ಬೆಕ್ಕಿಗೂ ಒಂದೇ ಎಸ್, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ ಎಂದು ತಿಳಿಹೇಳಿದಳು. ಹಾಗಾದರೆ ಅಣ್ಣನಿಗೂ ಒಂದು ಎಸ್ ಹಾಕಿ ನೋಡೋಣ ಎಂದು ಕೆಣಕಿದಳು. ಗಂಡನ ಮಾತು ಬಂದದ್ದೇ, ಆವಿಯಕ್ಕ ಸಿಪ್ಪೆ ಎಸೆಯುವ ನೆಪದಲ್ಲಿ ಎದ್ದು ಹೋದಳು.

ಆ ವಾರವೆಲ್ಲ ಯಂತ್ರದ ಮುಂದೆ ನಿಂತು 'ಕ್ಯಾಟ್ ಕಮ್ಸ್' ಎಂದು ಬೆಕ್ಕನ್ನೇ ಕರೆತಂದಳು, 'ಕ್ಯಾಟ್ ಗೋಸ್' ಎಂದು ಕಳಿಸಿದಳು. ಬೆಕ್ಕಿನ ಜಾಗದಲ್ಲಿ ಡಾಕ್ಟರನ್ನು ನಿಲ್ಲಿಸಿದೊಡನೆ ಕಿವಿ ಬಿಸಿಯಾಗುತ್ತಿತ್ತು.

ಶುಕ್ರವಾರ ಕೋಣೆಯೊಳಗೆ ಕಾಲಿಟ್ಟರೆ, ಮೇಲ್ವಿಚಾರಕಿಯ ಪಕ್ಕದಲ್ಲಿ ಹಿರಿಯ ಡಾಕ್ಟರೇ ಕನ್ನಡಕ ಒರೆಸುತ್ತ ಕೂತಿದ್ದರು. ಬೇರೆ ಯಾರಿದ್ದರೂ ಸರಿ, ಇವರೊಬ್ಬರು ಇರಬಾರದೆಂದು ಅವಳು ಬೇಡಿಕೊಂಡಿದ್ದಳು. ಡಾಕ್ಟರು ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಮೇಲ್ವಿಚಾರಕಿ ಇಂಗ್ಲಿಷಿನಲ್ಲಿ ಕೇಳಿದರು. ಆವಿಯಕ್ಕ ಎದುರಿನ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಅವಳು ಮೇಲ್ವಿಚಾರಕಿಯನ್ನು ಬಿಟ್ಟು ಡಾಕ್ಟರ ಕಡೆ ತಿರುಗಿದಳು.

"ತಪ್ಪು ತಿಳ್ಕೋಬೇಡಿ ಸಾರ್," ಎಂದಳು. ಆಮೇಲೆ ಕಣ್ಣು ಮುಚ್ಚಿ, "ಡಾಕ್ಟರ್ ಕಮ್ಸ್ ಅಟ್ ಟೆನ್."

ಆ ಎಸ್ ಯಂತ್ರದ ಉಸಿರಿನಷ್ಟೇ ಉದ್ದವಾಗಿ ಹೊರಬಂತು.

"ಹತ್ತಕ್ಕೆ ಬರೋ ಆ ಡಾಕ್ಟರ್ ಯಾರಮ್ಮ?" ಎಂದರು ಡಾಕ್ಟರು. "ನಾನಂತೂ ಹನ್ನೊಂದಕ್ಕೆ ಮುಂಚೆ ಬಂದಿದ್ದೇ ಇಲ್ಲ."

ಮೇಲ್ವಿಚಾರಕಿ ನಗಲಿಲ್ಲ. ಅಷ್ಟರಲ್ಲಿ ಹೊರಗೆ ಖಾಲಿ ಮೇಜಿನ ಮೇಲೆ ಫೋನ್ ಬಡಿದುಕೊಳ್ಳತೊಡಗಿತು. ಯಾರೂ ಎತ್ತಲಿಲ್ಲ.

"ಇರಿ, ಇನ್ನೂ ಪ್ರಶ್ನೆ ಇದೆ. ಡಾಕ್ಟರು ಬಂದಿಲ್ಲ ಅನ್ನೋದನ್ನ ಇಂಗ್ಲಿಷಲ್ಲಿ..." ಎಂದು ಮೇಲ್ವಿಚಾರಕಿ ಹೇಳುತ್ತಿದ್ದಂತೆ ಆವಿಯಕ್ಕ ಎದ್ದಳು. ತುಟಿಯಲ್ಲೇ ಕಮ್ಸ್, ಕಮ್ಸ್ ಎನ್ನುತ್ತ, ಫೋನಿನ ಕಡೆಗೆ ನಡೆದೇಬಿಟ್ಟಳು.