ನರ್ಸ್ ಎರಡು ಸಲ ನೋಡಿದ ಬಿಪಿ

ಎಂಟನೇ ತಿಂಗಳಲ್ಲಿ ನನ್ನ ಪಾದಗಳು ಚಪ್ಪಲಿಯೊಳಗೆ ಹಿಡಿಯುತ್ತಿರಲಿಲ್ಲ. ಹೊಸನಗರದ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಹೊಲಿಗೆ ಅಂಗಡಿ. ಮದುವೆ ಸೀಸನ್ ಆದ್ದರಿಂದ ಆ ತಿಂಗಳ ತಪಾಸಣೆಗೂ ಹೋಗಿರಲಿಲ್ಲ. "ಬಸುರಿಗೆ ಕಾಲು ಊದೋದು ಇದ್ದದ್ದೇ ಕಣೇ" ಅಂದಿದ್ದರು ಅತ್ತೆ. ನಾಲ್ಕು ದಿನದಿಂದ ತಲೆನೋವು. ಬಲಗಡೆ ಪಕ್ಕೆಯ ಕೆಳಗೆ ಒತ್ತಿ ಹಿಡಿದಂಥ ನೋವು. ಗ್ಯಾಸ್ ಇರಬೇಕೆಂದು ಜೀರಿಗೆ ಕಷಾಯ ಕುಡಿದೆ.

ಒಂದು ಮಧ್ಯಾಹ್ನ ನಮ್ಮ ಕೇರಿಯ ಆಶಾ ಕಾರ್ಯಕರ್ತೆ ರವಿಕೆಗೆ ಅಳತೆ ಕೊಡಲು ಬಂದಳು. ಅವಳ ತೋಳಿಗೆ ಟೇಪು ಸುತ್ತಿ ನೋಡಿದರೆ ಅಂಕಿಗಳ ಮೇಲೆ ಬೆಳಕಿನ ಚುಕ್ಕಿಗಳು ಕುಣಿಯುತ್ತಿದ್ದವು. ಕಣ್ಣುಜ್ಜಿಕೊಂಡೆ.

"ಎಂತಾಯ್ತು ಅಕ್ಕಾ?"

"ಎಂತಿಲ್ಲ, ಕಣ್ಣು ಮಂಜು."

ಅವಳು ನನ್ನನ್ನೇ ದಿಟ್ಟಿಸಿದಳು. "ಮುಖಾನೂ ಊದಿದೆಯಲ್ಲ! ತಲೆನೋವಿದೆಯಾ?"

ಹೌದೆಂದೆ.

"ರವಿಕೆ ಆಮೇಲೆ. ಬಾಗಿಲು ಹಾಕಿ, ಸ್ಕೂಟಿ ಹತ್ತಿ."

"ಇದೊಂದು ಮುಗಿಸಿ ಬರ್ತೀನಿ..."

"ಹತ್ತಿ ಅಂದ್ನಲ್ಲ!"

ಸರ್ಕಾರಿ ಆಸ್ಪತ್ರೆಯ ನರ್ಸ್ ಬಿಪಿ ನೋಡಿದರು. ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ ಮತ್ತೊಮ್ಮೆ ನೋಡಿದರು. ನೂರ ಎಪ್ಪತ್ತು, ನೂರ ಹತ್ತು. ಮೂತ್ರದಲ್ಲೂ ಪ್ರೋಟೀನ್ ಹೋಗುತ್ತಿತ್ತು. ನರ್ಸ್ ಹೋಗಿ ಡಾಕ್ಟರಮ್ಮನನ್ನು ಕರೆತಂದರು.

"ಮಾತ್ರೆ ಕೊಟ್ರೆ ಆಗಲ್ವಾ ಡಾಕ್ಟ್ರೇ?" ಅಂದೆ.

"ಮಾತ್ರೆ ಬಿಪಿ ಇಳಿಸುತ್ತೆ ಅಷ್ಟೇ. ಇದು ಬಸುರಿನಿಂದಲೇ ಬಂದಿದ್ದು, ಹೆರಿಗೆ ಆಗೋವರೆಗೆ ಬಿಡಲ್ಲ. ಕಿಡ್ನಿಗೆ, ಲಿವರಿಗೆ, ಮಿದುಳಿಗೆ ಪೆಟ್ಟು ಬೀಳಬಹುದು. ಫಿಟ್ಸ್ ಬಂದ್ರೆ ಇಬ್ಬರಿಗೂ ಅಪಾಯ. ಈಗಲೇ ಸಾಗರದ ದೊಡ್ಡಾಸ್ಪತ್ರೆಗೆ ಹೊರಡಿ" ಅಂದರು ಡಾಕ್ಟರಮ್ಮ.

ಫಿಟ್ಸ್ ಬಾರದಿರಲೆಂದು ಕೊಟ್ಟ ಇಂಜೆಕ್ಷನ್‌ಗೆ ಮೈಯೆಲ್ಲ ಬೆಂಕಿಯಾಯಿತು. ಆಂಬ್ಯುಲೆನ್ಸಿನಲ್ಲಿ ಆಶಾ ನನ್ನ ಕೈ ಬಿಡಲಿಲ್ಲ. "ನನ್ನ ಮುಖ ಕಾಣ್ತದಾ ಅಕ್ಕಾ?" ಎಂದು ಗಳಿಗೆಗೊಮ್ಮೆ ಕೇಳುತ್ತಿದ್ದಳು. ನನಗೆ ಬೇರೆಯದೇ ದಿಗಿಲು. ಮಗು ಒದೆಯುತ್ತಿರಲಿಲ್ಲ. ಹೊಟ್ಟೆ ಒತ್ತಿದೆ, ಮಗುವನ್ನು ಕರೆದೆ, ಕಣ್ಣೀರಿಟ್ಟೆ. ಸಾಗರ ಹತ್ತಿರವಾದಾಗ ಒಳಗೆ ಮೆಲ್ಲಗೆ ಏನೋ ಹೊರಳಿತು.

ತೀರ್ಥಹಳ್ಳಿಯ ಗ್ಯಾರೇಜಿನಿಂದ ನನ್ನ ಗಂಡ ಗ್ರೀಸ್ ಮೆತ್ತಿದ ಕೈಯಲ್ಲೇ ಓಡಿಬಂದು ಆಪರೇಷನ್ನಿಗೆ ಸಹಿ ಹಾಕಿದರು. ಹುಟ್ಟಿದ್ದು ಹೆಣ್ಣು, ಎರಡು ಕಿಲೋ ಕೂಡ ಇರಲಿಲ್ಲ. ಅವಳನ್ನು ಮೈ ಬೆಚ್ಚಗಿಡುವ ವಾರ್ಮರಿನಲ್ಲಿಟ್ಟರು.

ಹೆತ್ತ ಮೇಲೆ ಎಲ್ಲ ಮುಗಿಯಿತೆಂದುಕೊಂಡಿದ್ದೆ. ಮೂರನೇ ದಿನ ಬಿಪಿ ಮತ್ತೆ ಏರಿತು. ಬಾಣಂತನದಲ್ಲೂ ಇದು ಬರುತ್ತದಂತೆ; ಮಾತ್ರೆ ಕೊಟ್ಟು ಇಳಿಸಿದರು. ಆ ಸಂಜೆ ಅತ್ತೆ ನನ್ನ ಹಾಸಿಗೆಯ ಪಕ್ಕ ಕೂತು, ತಲೆ ಎತ್ತದೆ ಹೇಳಿದರು: "ನನ್ನ ಚೊಚ್ಚಲು ಹೊಟ್ಟೆಯಲ್ಲೇ ಹೋಯ್ತು. ನಂಗೂ ಹೀಗೇ ಊದಿತ್ತು. ಯಾರೂ ಎಂತದೂ ಹೇಳಿರ್ಲಿಲ್ಲ." ಅಷ್ಟು ವರ್ಷದಲ್ಲಿ ಮಗನಿಗೂ ಅವರು ಅದನ್ನು ಹೇಳಿರಲಿಲ್ಲ.

ಮಗಳೀಗ ಅಂಗನವಾಡಿಗೆ ಹೋಗುತ್ತಾಳೆ. ತನಗೊಬ್ಬ ತಮ್ಮ ಬೇಕಂತೆ. ಮತ್ತೆ ಬಸುರಾದರೆ ಇದು ಮರುಕಳಿಸಬಹುದು, ಮೊದಲ ತಿಂಗಳಿಂದಲೇ ತಪಾಸಣೆಗೆ ಬರಬೇಕೆಂದು ಡಾಕ್ಟರಮ್ಮ ಹೇಳಿದ್ದಾರೆ. ಗಂಡ "ಒಬ್ಬಳೇ ಸಾಕು" ಅನ್ನುತ್ತಾರೆ. ನಾನಿನ್ನೂ ತೀರ್ಮಾನಿಸಿಲ್ಲ.