ಫಾರ್ಮ್ಯಾಟ್ ಮಾಡದ ಅಂಜಿನಪ್ಪನವರು

ಅಂಜಿನಪ್ಪನವರ ಮುಂದೆ ‘ಫಾರ್ಮ್ಯಾಟ್’ ಎಂಬ ಪದ ಎತ್ತಿದರೆ ಸಾಕು, ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಿದ್ದರು. ಅದು ಬೈಗುಳ ಶುರುವಾಗುವ ಸೂಚನೆ. ಹಿಂದೂಪುರದ ಉಳಿದ ಕಂಪ್ಯೂಟರ್ ರಿಪೇರಿಯವರಿಗೆ ತಲೆನೋವಿಗೂ ಕಾಲುನೋವಿಗೂ ಅದೊಂದೇ ಮದ್ದು: ಒಳಗಿರುವುದನ್ನೆಲ್ಲ ಅಳಿಸಿ ಹೊಸದಾಗಿ ತುಂಬುವುದು. ಇವರದು ಮಗ್ಗದ ಮನೆತನ. “ಮಗ್ಗದ ಹಾಸಿನಾಗೆ ಒಂದೆಳೆ ಕಿತ್ತೋದ್ರೆ ಹಾಸನ್ನೇ ಕತ್ತರಿಸ್ತಾರೇನ್ಲಾ? ಆ ಎಳೆ ಹುಡುಕಿ ಗಂಟು ಹಾಕ್ಬೇಕು ಕಣ್ಲಾ,” ಅನ್ನುತ್ತಿದ್ದರು.

ನಾನು ಕೆಲಸ ಕಲಿತದ್ದು ಅವರ ಅಂಗಡಿಯಲ್ಲೇ. ಅವರದು ಮನುಷ್ಯರ ಜೊತೆ ಕನ್ನಡ, ಕಂಪ್ಯೂಟರಿನ ಜೊತೆ ತೆಲುಗು. ಹಟ ಹಿಡಿದ ಯಂತ್ರದ ಮುಂದೆ ಕೈಕಟ್ಟಿ ಕೂತು “ಲೇಯ್ ತಲ್ಲೀ, ಲೇಯ್”, ಏಳು ತಾಯಿ ಏಳು, ಎಂದು ಮಗಳನ್ನು ಎಬ್ಬಿಸುವಂತೆ ಪುಸಲಾಯಿಸುತ್ತಿದ್ದರು. ಹೆಂಡತಿಯ ಜೊತೆಗೆ ಇಷ್ಟು ಮೆತ್ತಗೆ ಮಾತಾಡಿದ್ದನ್ನು ನಾನಂತೂ ಕೇಳಿಲ್ಲ.

ಒಮ್ಮೆ ಚಿಲಮತ್ತೂರಿನ ಫೋಟೋಗ್ರಾಫರ್ ಒಬ್ಬ ಅಳುಮುಖ ಮಾಡಿಕೊಂಡು ಬಂದ. ಆ ವರ್ಷದ ಮದುವೆ ಫೋಟೋಗಳೆಲ್ಲ ಅವನ ಕಂಪ್ಯೂಟರಿನಲ್ಲಿದ್ದವು, ಕಂಪ್ಯೂಟರ್ ತೆರೆದುಕೊಳ್ಳುತ್ತಿರಲಿಲ್ಲ. ಬೇರೆ ಅಂಗಡಿಯವರೆಲ್ಲ ಅಳಿಸಲೇಬೇಕು ಅಂದಿದ್ದರಂತೆ. ಅಂಜಿನಪ್ಪನವರು ಊಟ ನಿದ್ದೆ ಬಿಟ್ಟು ಕೂತರು, ಒಂದು ಫೋಟೋವೂ ಹೋಗದಂತೆ ಉಳಿಸಿಕೊಟ್ಟರು. ಆತ ಅಂಗಡಿಯಲ್ಲೇ ಅವರ ಕಾಲು ಮುಟ್ಟಿದ. ಊರೆಲ್ಲ ಹೊಗಳಿತು. ಆ ಹೊಗಳಿಕೆಯೇ ಅವರನ್ನು ಕೆಡಿಸಿತು ಎಂದು ಈಗ ಅನ್ನಿಸುತ್ತದೆ.

ಆಮೇಲೆ ನಾನು ಕಲ್ಯಾಣದುರ್ಗದಲ್ಲಿ ನೆಟ್ ಸೆಂಟರ್ ತೆರೆದೆ. ಬ್ರಾಡ್‌ಬ್ಯಾಂಡ್ ಇದ್ದದ್ದು ರಸ್ತೆಯಾಚೆ, ಕಟ್ಟಡದ ಮಾಲೀಕರ ಮನೆಯಲ್ಲಿ. ಅಲ್ಲಿಂದ ನನ್ನ ಮುಖ್ಯ ಕಂಪ್ಯೂಟರಿಗೆ ವೈರ್‌ಲೆಸ್ಸಿನಲ್ಲಿ ಬರುತ್ತಿತ್ತು, ಅದರಿಂದ ಉಳಿದವಕ್ಕೆ. ಇಂಜಿನಿಯರಿಂಗ್ ಸೀಟಿಗೆ ಬೇಕಾದ ಕಾಲೇಜುಗಳನ್ನು ನೆಟ್ಟಿನಲ್ಲೇ ಆರಿಸಬೇಕೆಂಬ ಪದ್ಧತಿ ಆಗತಾನೆ ಬಂದಿತ್ತು. ಅದರ ಕೊನೆಯ ದಿನವೇ ನನ್ನ ವೈರ್‌ಲೆಸ್ ಕೈಕೊಟ್ಟಿತು. ತೆರೆಯ ಹಿಂದೆ ಕೂತು ಅದನ್ನು ನಡೆಸುವ ‘ಸರ್ವಿಸ್’ ಒಂದಿರುತ್ತದೆ. ಕಂಪ್ಯೂಟರ್ ಹಾಕಿದೊಡನೆ ಅದು ತಾನಾಗಿ ಶುರುವಾಗಬೇಕು. ಶುರುವಾಗಿರಲಿಲ್ಲ. ಸ್ಟಾರ್ಟ್ ಒತ್ತಿದರೆ ಎದ್ದಂತೆ ಮಾಡಿ ಮತ್ತೆ ಮಲಗುತ್ತಿತ್ತು. ತಪ್ಪು ಇಂಥದ್ದು ಎಂಬ ಒಂದು ಸಾಲೂ ಬರಲಿಲ್ಲ.

ಅಂಜಿನಪ್ಪನವರಿಗೆ ಫೋನು ಮಾಡಿದೆ. “ಏನೂ ಮುಟ್ಬ್ಯಾಡ, ಬತ್ತೀನಿ,” ಎಂದವರು ಮಧ್ಯಾಹ್ನಕ್ಕೆ ಬಸ್ಸಿಳಿದರು.

ಅಷ್ಟರಲ್ಲಿ ಕುಂದುರ್ಪಿಯಿಂದ ಗಂಗರತ್ನ ಎಂಬ ಹುಡುಗಿ ಅಪ್ಪನ ಜೊತೆ ಬಂದು ನನ್ನ ಬೆಂಚಿನ ಮೇಲೆ ಕೂತಿದ್ದಳು. ಅಪ್ಪ ಕುರಿಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಬಂದಿದ್ದ. ಅವಳ ರ‍್ಯಾಂಕಿಗೆ ಅನಂತಪುರದಲ್ಲೇ ಸೀಟು ಖಚಿತ. ಸಂಜೆಯೊಳಗೆ ಆರಿಸಿಬಿಟ್ಟರೆ ಆಯಿತು.

“ಸಾರ್, ಫಾರ್ಮ್ಯಾಟ್ ಮಾಡಿಬಿಡೋಣ, ಒಂದು ಗಂಟೆ ಕೆಲಸ,” ಎಂದೆ. ಕನ್ನಡಕ ಮೇಜಿನ ಮೇಲೆ ಬಂತು. ರಸ್ತೆಗೆ ಅಡ್ಡಲಾಗಿ ಕೇಬಲ್ಲಾದರೂ ಎಳೆಯೋಣ ಎಂದೆ. “ಕಳ್ಳ ಒಳಗವ್ನೆ, ನೀನು ಬೀದಿಯಾಗೆ ಹುಡುಕ್ತೀಯಾ?” ಎಂದು ಗದರಿದರು. ಡ್ರೈವರ್ ತೆಗೆದು ಹಾಕಿದರು, ವೈರಸ್ ಹುಡುಕಿದರು, ಎಬ್ಬಿಸಿದರು, ಅದು ಮಲಗಿತು. “ಏಮೈಂದೇ ನೀಕು?”, ನಿನಗೇನಾಯಿತೇ, ಎಂದು ಅದನ್ನೇ ಕೇಳಿದರು.

ಹೊತ್ತು ಇಳಿಯತೊಡಗಿದಾಗ ಗಂಗರತ್ನ ಎದ್ದು ನಿಂತಳು. ಬಸ್‌ಸ್ಟ್ಯಾಂಡಿನ ಮುಂದಿನ ಸೆಂಟರಿನಲ್ಲಿ ಸರದಿ ಸಾಲು ಬಾಗಿಲು ದಾಟಿತ್ತು, ಆದರೂ ಸಾಗುತ್ತಿತ್ತು. “ಸಾರ್, ಅಲ್ಲಿಗೆ ಹೋಯ್ತೀವಿ,” ಎಂದಳು.

ಅಂಜಿನಪ್ಪನವರು ತಲೆ ಎತ್ತದೆ, “ಕೂತ್ಕೊಳಮ್ಮ, ಆಗೋಯ್ತು. ಸಿಕ್ಬುಟ್ಟ ಕಳ್ಳ,” ಎಂದರು.

ಅವಳು ಅಪ್ಪನ ಮುಖ ನೋಡಿದಳು. “ದೊಡ್ಡೋರು ಹೇಳ್ತಾವ್ರೆ, ಕೂತ್ಕೊ,” ಎಂದ ಅಪ್ಪ. ಕೂತಳು.

ಕಳ್ಳ ಸಿಕ್ಕಿದ್ದು ನಿಜ, ಸಂಜೆ ಕಳೆದ ಮೇಲೆ. ಕಂಪ್ಯೂಟರಿನ ವೇಗ ಹೆಚ್ಚಿಸುತ್ತೇವೆಂದು ಬರುವ ಪ್ರೋಗ್ರಾಮೊಂದನ್ನು ಗಿರಾಕಿ ಯಾರೋ ಹಾಕಿಹೋಗಿದ್ದರು. “ಈ ಸರ್ವಿಸ್ಸಿನ ತಪ್ಪಲ್ಲ ಕಣಪ್ಪ. ಇದು ಯಾವುದನ್ನ ನಂಬ್ಕೊಂಡು ಏಳ್ಬೇಕೋ ಅದನ್ನೇ ಆ ಪ್ರೋಗ್ರಾಮು ಬಂದ್ ಮಾಡೈತೆ!” ಎಂದು ಚಪ್ಪಾಳೆ ತಟ್ಟಿದರು. ವೈರ್‌ಲೆಸ್ ಬಂತು. ಅವಸರದಲ್ಲಿ ಸೈಟು ತೆರೆದೆವು. ಆಯ್ಕೆಯ ಸಮಯ ಮುಗಿದಿದೆ ಎಂದು ಬರೆದಿತ್ತು.

ಅವರು ಒತ್ತಿದ್ದನ್ನೇ ಒತ್ತಿದರು. ಮತ್ತೆ ಮತ್ತೆ ಅದೇ ಸಾಲು. ನನಗೆ ಮೈಯೆಲ್ಲ ಉರಿಯಿತು. ಗಂಗರತ್ನ ಸರ್ಟಿಫಿಕೇಟುಗಳನ್ನು ಚೀಲಕ್ಕೆ ತುಂಬಿಕೊಂಡು, “ಹೋಗ್ಲಿ ಬಿಡಿ ಸಾರ್. ನಮಗೋಸ್ಕರ ನೀವು ಊಟಾನೂ ಮಾಡ್ಲಿಲ್ಲ,” ಎಂದಳು. ಅಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಕುಂದುರ್ಪಿ ಬಸ್ಸಿನ ಕಡೆ ನಡೆದ.

ಸೀಟು ಹಂಚಿಕೆಯ ಎರಡನೇ ಸುತ್ತಿನಲ್ಲಿ ಉಳಿದಿದ್ದುದು ಎಲ್ಲೋ ಕಡಲ ತೀರದ ಕಾಲೇಜುಗಳು. ಅಷ್ಟು ದೂರ ಹೆಣ್ಣುಮಗಳನ್ನು ಕಳಿಸೆನೆಂದು ಅಪ್ಪ ಹಟ ಹಿಡಿದನಂತೆ. ಅಂಜಿನಪ್ಪನವರು ಕುಂದುರ್ಪಿಗೇ ಹೋಗಿ ಅವನ ಮುಂದೆ ಕೈಮುಗಿದರಂತೆ. ಅವನು ಒಪ್ಪಲಿಲ್ಲ, ಮಜ್ಜಿಗೆ ಕೊಟ್ಟು ಕಳಿಸಿದನಂತೆ.

ಮರುವರ್ಷ ಹಿಂದೂಪುರಕ್ಕೆ ಹೋದಾಗ ಅವರ ಅಂಗಡಿಗೆ ಬೀಗ ಬಿದ್ದಿತ್ತು. ಮನೆಗೆ ಹೋದೆ. ಜಗಲಿಯ ಮೇಲೆ ಸುಮ್ಮನೆ ಕೂತಿದ್ದರು, ಕೈಗಳು ತೊಡೆಯ ಮೇಲೆ. ಅದಾದ ಮೇಲೆ ಅವರು ಬಹಳ ದಿನ ಬದುಕಲಿಲ್ಲ. ನನಗೆ ಅದೇ ಕೊನೆಯ ಭೇಟಿ. ಅಂಗಡಿ ಯಾಕೆ ಮುಚ್ಚಿದಿರಿ ಎಂದು ಕೇಳಿದೆ.

“ಆ ಹುಡುಗಿ ಈಗ ಈ ಊರಾಗೇ ಅವಳೆ, ಚಿಕ್ಕಮ್ಮನ ಮನೇಲಿ. ಗಾರ್ಮೆಂಟ್ಸ್‌ಗೆ ಹೋಯ್ತಾಳೆ. ಫ್ಯಾಕ್ಟರಿ ಬಸ್ಸು ನಮ್ಮ ಅಂಗಡಿ ಮುಂದೇನೇ ನಿಲ್ತದೆ.”

“ಏನಾದ್ರೂ ಅಂದ್ಳಾ ಸಾರ್?”

“ಬೈದಿದ್ರೆ ಅಂಗಡಿ ಬಾಗ್ಲು ತೆಗೀತಿದ್ದೆ ಕಣಪ್ಪ. ದಿನಾ ಬೆಳಿಗ್ಗೆ ನಗ್ತಾ ಬಂದು, ನಮಸ್ಕಾರ ಸಾರ್, ತಿಂಡಿ ಆಯ್ತಾ, ಅಂತಿದ್ಳು.”