ವಾದಿರಾಜ ಮೇಷ್ಟ್ರ ಇಟಾಲಿಯನ್

ನಮ್ಮ ಮನೆಯವರು, ವಾದಿರಾಜ ಮೇಷ್ಟ್ರು, ಮೂವತ್ತು ವರ್ಷ ಹೈಸ್ಕೂಲಲ್ಲಿ ಸಂಸ್ಕೃತ ಹೇಳಿಕೊಟ್ಟು ರಿಟೈರಾದವರು. ರಿಟೈರಾದ ಮೇಲೆ ಸುಮ್ಮನೆ ವಾಕಿಂಗ್ ಹೋಗಬಾರದಾ? ಇಲ್ಲ. ರದ್ದಿ ಅಂಗಡಿಯಿಂದ ನೂರು ವರ್ಷದ ಹಿಂದಿನ ಇಟಾಲಿಯನ್ ಡಿಕ್ಷನರಿ ಹೊತ್ತು ತಂದು ಬಾಯಿಪಾಠಕ್ಕೆ ಕೂತರು. ಗೋಪಾಳದ ನಮ್ಮ ಬೀದಿಯವರೆಲ್ಲ ನಕ್ಕರು. ಎಲ್ಲರಿಗಿಂತ ಜಾಸ್ತಿ ನಕ್ಕಿದ್ದು ನಾನೇ.

ತೊಂಬತ್ತೆಂಟರಲ್ಲಿ ಮಾಚೇನಹಳ್ಳಿಯ ಶಿವಮೂರ್ತಪ್ಪನವರ ವರ್ಕ್‌ಶಾಪಲ್ಲಿ ಇಟಲಿ ಮಷೀನು ಕೆಟ್ಟು ನಿಂತಿತು. ರಿಪೇರಿಗೆ ಬಂದ ಇಟಲಿಯವನಿಗೆ ಇಂಗ್ಲಿಷು ಅರೆಬರೆ. ಮೇಷ್ಟ್ರಿಗೆ ಕರೆ ಬಂತು. ಆರು ವರ್ಷ ನಕ್ಕವರಿಗೆಲ್ಲ ಇವತ್ತು ಉತ್ತರ ಅಂತ ಇವರು ಇಸ್ತ್ರಿ ಮಾಡಿದ ಕೋಟು ಹಾಕಿ ಹೊರಟರು.

ಅಲ್ಲಿ ನಡೆದದ್ದನ್ನ ಫಿಟ್ಟರ್ ಮಲ್ಲೇಶ್ ಹೇಳಿದ. ಇವರು ಮಷೀನು ತೋರಿಸಿ ಗಂಭೀರವಾಗಿ 'ಎಗ್ರಾ' ಅಂದರಂತೆ. 'ಎಗ್ರೊ' ಅಂದ್ರೆ ಕಾಯಿಲೆ ಬಿದ್ದದ್ದು. ಅವರ ಭಾಷೇಲಿ ಮಷೀನು ಹೆಣ್ಣಂತೆ, ಅದಕ್ಕೆ ಎಗ್ರಾ. ಕೆಟ್ಟು ಕೂತದ್ದು ಹೆಣ್ಣೇ ಆಗಬೇಕಲ್ಲ, ಇರಲಿ. ಆ ಮನುಷ್ಯ ಎರಡು ನಿಮಿಷ ಪಿಳಿಪಿಳಿ ನೋಡಿ, ಹೊಟ್ಟೆ ಹಿಡ್ಕೊಂಡು ನಗೋಕೆ ಶುರು ಮಾಡಿದನಂತೆ.

"ಮೇಷ್ಟ್ರೇ, ನೀವು ಕಲಿತಿದ್ದು ಇಟಾಲಿಯನ್ನೇ ತಾನೇ?" ಅಂದರಂತೆ ಶಿವಮೂರ್ತಪ್ಪ.

ಇವರು ಬಿಡ್ತಾರಾ? ರಟ್ಟಿನ ಮೇಲೆ ಚಾಕ್‌ಪೀಸಲ್ಲಿ ಬರೆದು, ಲ್ಯಾಟಿನ್ನಿನ 'ಏಗೆರ್' ಸವೆದು ಹೇಗೆ 'ಎಗ್ರೊ' ಆಯ್ತು ಅಂತ ಕಾಲು ಗಂಟೆ ಪಾಠ ಮಾಡಿದರು. ಇಟಲಿಯವನು ಕಣ್ಣೊರೆಸಿಕೊಂಡು, ತನ್ನ ಅರೆಬರೆ ಇಂಗ್ಲಿಷಲ್ಲೇ, ಪದ ಸರಿಯಾಗೇ ಇದೆ, ಆದರೆ ಹಳೇ ಪದ್ಯಗಳಲ್ಲಿ ಬಿಟ್ಟರೆ ಯಾರೂ ಹಾಗೆ ಮಾತಾಡಲ್ಲ ಅಂದ. ನಮ್ಮ ಬಸ್‌ಸ್ಟ್ಯಾಂಡಲ್ಲಿ ನಿಂತು ಹಳಗನ್ನಡದಲ್ಲಿ ಭದ್ರಾವತಿಗೆ ಟಿಕೆಟ್ ಕೇಳಿದ ಹಾಗೆ ಅನ್ನಿ. ಆಮೇಲೆ ಅವನೂ ಮಲ್ಲೇಶನೂ ಬರೀ ಕೈಸನ್ನೆಯಲ್ಲೇ ಮಷೀನು ಬಿಚ್ಚಿ, ಜೋಡಿಸಿ, ಓಡಿಸಿಯೂ ಬಿಟ್ಟರಂತೆ.

ಕೋಟು ಹೆಗಲ ಮೇಲೆ ಹಾಕಿಕೊಂಡು ಮನೆಗೆ ಬಂದರು. ಮುಖ ನೋಡಿ ನನಗೆ ಸಂಕಟವಾಯ್ತು. ಆದರೆ ನನ್ನ ಬಾಯಿ ಸುಮ್ಮನಿರಬೇಕಲ್ಲ.

"ಇನ್ನಾದ್ರೂ ಆ ಪುಸ್ತಕ ಅಟ್ಟಕ್ಕೆ ಹಾಕ್ರೀ. ಯಾರೂ ಆಡದ ಭಾಷೆ ಕಲಿತು ಏನು ಬಂತು?"

ಕೈಕಾಲು ತೊಳೆದು ಬಂದು ಎಲೆ ಮುಂದೆ ಕೂತರು.

"ಯಾರೂ ಆಡದ ಭಾಷೆ ಕಲಿಸಿಯೇ ಅಲ್ವಾ ಭವಾನಿ, ಮೂವತ್ತು ವರ್ಷ ನಿನಗೆ ಅನ್ನ ಹಾಕಿದ್ದು?"

ಬೇಸರವಿಲ್ಲದೆ, ಸಾರು ಕೇಳೋ ಹಾಗೆ ಕೇಳಿದರು. ನಾನು ತುಪ್ಪ ಬಡಿಸಿದೆ.